ಜೆನ್ಸನ್ ಇಂಟರ್‌ಸೆಪ್ಟರ್: ಮುಳುಗಿಸಿದ ಕಾರೇ, ತೇಲಿಸಿದ ಕಾರೇ?

1966ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಜೆನ್ಸನ್ ಎಂಬ ಸಣ್ಣ ಕಂಪನಿ ಎರಡು ಹೊಸ ಕಾರುಗಳನ್ನು ತಂದು ನಿಲ್ಲಿಸಿತು. ಒಂದು ಇಂಟರ್‌ಸೆಪ್ಟರ್, ಇನ್ನೊಂದು ಎಫ್‌ಎಫ್. ದೂರದಿಂದ ನೋಡಿದವರಿಗೆ ಎರಡೂ ಒಂದೇ ಕಾರು. ಉದ್ದನೆಯ ಮೂತಿ, ಹಿಂಬದಿಯನ್ನೆಲ್ಲ ಆವರಿಸಿದ ಬಾಗಿದ ದೊಡ್ಡ ಗಾಜು, ನಾಲ್ವರು ಕೂರುವಷ್ಟು ಜಾಗ, ಒಳಗೆಲ್ಲ ಚರ್ಮದ ಹೊದಿಕೆ. ಹತ್ತು ವರ್ಷ ತುಂಬುವ ಮೊದಲೇ, 1976ರ ಮೇ ತಿಂಗಳಲ್ಲಿ, ಆ ಕಾರುಗಳನ್ನು ಕಟ್ಟಿದ ವೆಸ್ಟ್ ಬ್ರಾಮ್ವಿಚ್‌ನ ಕಾರ್ಖಾನೆಗೆ ಬೀಗ ಬಿತ್ತು. ಬ್ರಿಟಿಷ್ ಮೋಟಾರು ಉದ್ಯಮದ ಚರಿತ್ರೆ ಹೇಳುವವರು ಇದಕ್ಕೆ ಕೊಡುವ ಕಾರಣ ಬಾಯಿಪಾಠದಂತೆ ಒಂದೇ ತೆರನಾಗಿರುತ್ತದೆ: ಅಮೆರಿಕದ ಎಂಜಿನ್ನು, ಇಟಲಿಯ ಮೈಕಟ್ಟು, ಪೆಟ್ರೋಲನ್ನು ಗಟಗಟ ಕುಡಿಯುವ ಹೊಟ್ಟೆ, 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಕಾರೂ ಹೋಯಿತು, ಕಂಪನಿಯೂ ಹೋಯಿತು. ಕೇಳಲು ಅಚ್ಚುಕಟ್ಟಾಗಿರುವ ಈ ತೀರ್ಪು ಪುರಾವೆಗಳ ಮುಂದೆ ನಿಲ್ಲುವುದಿಲ್ಲ. ಇಂಟರ್‌ಸೆಪ್ಟರ್ ಜೆನ್ಸನ್ನನ್ನು ಮುಳುಗಿಸಲಿಲ್ಲ. ಮುಳುಗುತ್ತಿದ್ದ ಕಂಪನಿಯನ್ನು ಹತ್ತು ವರ್ಷ ತೇಲಿಸಿದ್ದೇ ಅದು. ಕಂಪನಿಯ ಸಾವಿನ ಬೀಜವಿದ್ದದ್ದು ಪರರ ಗುತ್ತಿಗೆಯನ್ನು ನೆಚ್ಚಿ ಬದುಕಿದ ಅದರ ವ್ಯವಹಾರದಲ್ಲಿ.

ಇದನ್ನು ತೀರ್ಮಾನಿಸಬೇಕಾದರೆ ಮೊದಲು ಕಾರಿನ ಜಾತಕಕ್ಕಿಂತ ಕಂಪನಿಯ ಜಾತಕ ನೋಡಬೇಕು. ರಿಚರ್ಡ್ ಮತ್ತು ಅಲನ್ ಜೆನ್ಸನ್ ಎಂಬ ಸೋದರರು ವೆಸ್ಟ್ ಬ್ರಾಮ್ವಿಚ್‌ನಲ್ಲಿ ಡಬ್ಲ್ಯೂ. ಜೆ. ಸ್ಮಿತ್ ಅಂಡ್ ಸನ್ಸ್ ಎಂಬ ಬಾಡಿ ಕಟ್ಟುವ ಸಂಸ್ಥೆಯನ್ನು ಸೇರಿ, ಅದನ್ನು ತಮ್ಮ ಕೈಗೆ ತೆಗೆದುಕೊಂಡು, 1934ರಲ್ಲಿ ಜೆನ್ಸನ್ ಮೋಟಾರ್ಸ್ ಎಂದು ಹೆಸರು ಬದಲಿಸಿದರು. ಅವರ ಕಸುಬು ಬೇರೆಯವರ ಚಾಸಿಯ ಮೇಲೆ ಚೆಂದದ ಬಾಡಿ ಕಟ್ಟುವುದು. ಹಾಲಿವುಡ್ ನಟ ಕ್ಲಾರ್ಕ್ ಗೇಬಲ್ ಫೋರ್ಡ್ ವಿ8 ಚಾಸಿಯ ಮೇಲೊಂದು ಬಾಡಿ ಕಟ್ಟಿಕೊಡಲು ಇವರಿಗೆ ಹೇಳಿದ್ದು ಆ ಕಾಲದಲ್ಲೇ. ಮುಂದೆ ತಮ್ಮದೇ ಹೆಸರಿನ ಕಾರು ತಂದಾಗಲೂ ಸೋದರರು ಅದಕ್ಕೆ ಹೂಡಿದ್ದು ಫೋರ್ಡಿನ ವಿ8 ಎಂಜಿನ್ನನ್ನೇ. ಅಂದರೆ ಅಮೆರಿಕದ ಎಂಜಿನ್ ಜೆನ್ಸನ್ನಿಗೆ ಕಷ್ಟಕಾಲದಲ್ಲಿ ಹೊಳೆದ ಅಡ್ಡದಾರಿಯಾಗಿರಲಿಲ್ಲ. ಹುಟ್ಟಿನಿಂದಲೇ ಬಂದ ಸಂಪ್ರದಾಯವಾಗಿತ್ತು. ಇನ್ನೊಂದು ಸಂಪ್ರದಾಯವೂ ಹುಟ್ಟಿನಿಂದಲೇ ಬಂದಿತ್ತು, ಮುಂದೆ ಕುತ್ತಾದದ್ದು ಅದು: ಹೊಟ್ಟೆ ತುಂಬಿಸುವುದು ಪರರ ಕೆಲಸ, ಹೆಸರು ತರುವುದು ಸ್ವಂತ ಕಾರು ಎಂಬ ಎರಡು ದೋಣಿಯ ಪಯಣ.

ಎರಡನೆಯ ಮಹಾಯುದ್ಧದ ನಂತರ ಈ ಎರಡು ದೋಣಿಗಳ ಗಾತ್ರದಲ್ಲಿ ಅಜಗಜಾಂತರ ಉಂಟಾಯಿತು. 1953ರಿಂದ ಆಸ್ಟಿನ್-ಹೀಲಿ ಸ್ಪೋರ್ಟ್ಸ್ ಕಾರುಗಳ ಬಾಡಿಗಳನ್ನು ಜೆನ್ಸನ್ ಕಟ್ಟತೊಡಗಿತು. ಹದಿನೈದು ವರ್ಷಗಳ ಆ ಗುತ್ತಿಗೆಯಲ್ಲಿ ಹೊರಬಂದ ಬಾಡಿಗಳು ಸುಮಾರು ಎಪ್ಪತ್ತು ಸಾವಿರ. 1961ರಿಂದ ವೋಲ್ವೊ ಪಿ1800 ಕಾರುಗಳ ಜೋಡಣೆಯ ಕೆಲಸವೂ ಬಂತು. ಗುಣಮಟ್ಟದ ತಕರಾರು ಎದ್ದು 1963ರಲ್ಲಿ ವೋಲ್ವೊ ಅದನ್ನು ಸ್ವೀಡನ್ನಿಗೆ ಒಯ್ದಿತು. 1964ರಿಂದ ಸನ್‌ಬೀಮ್ ಟೈಗರ್ ಕಾರುಗಳನ್ನು ಜೋಡಿಸಿದರು. ಅವು ಸುಮಾರು ಏಳು ಸಾವಿರ. ಇವುಗಳ ಪಕ್ಕದಲ್ಲಿ ಜೆನ್ಸನ್ನಿನ ಸ್ವಂತ ಕಾರುಗಳ ಲೆಕ್ಕ ನೋಡಿ. 1950ರಲ್ಲಿ ಇದೇ ಹೆಸರಿನಲ್ಲಿ ಬಂದಿದ್ದ ಮೊದಲ ಇಂಟರ್‌ಸೆಪ್ಟರ್ ನೂರರ ಗಡಿಯನ್ನೂ ಮುಟ್ಟಲಿಲ್ಲ. ಫೈಬರ್ ಗ್ಲಾಸ್ ಬಾಡಿಯ 541 ಎಂಬ ಕಾರು ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಅಳವಡಿಸಿಕೊಂಡ ಮೊದಲ ಬ್ರಿಟಿಷ್ ಕಾರುಗಳಲ್ಲಿ ಒಂದಾಗಿದ್ದರೂ ಮಾರಾಟ ನೂರುಗಳಲ್ಲೇ ಉಳಿಯಿತು. 1962ರಿಂದ 1966ರವರೆಗೆ ಕ್ರೈಸ್ಲರ್ ವಿ8 ಎಂಜಿನ್ ಹೊತ್ತ ಸಿ-ವಿ8 ಸುಮಾರು 500ರಷ್ಟು ಮಾತ್ರ ತಯಾರಾಯಿತು. ಕಾರ್ಖಾನೆಯ ಸಂಬಳದ ಪಟ್ಟಿಯನ್ನು ತೂಗಿಸುತ್ತಿದ್ದವರು ಹೀಲಿ ಮತ್ತು ಟೈಗರ್ ಕಾರುಗಳ ಯಜಮಾನರು. ಆ ಯಜಮಾನರು ಯಾವತ್ತು ಬೇಕಾದರೂ ಕೈಬಿಡಬಹುದಿತ್ತು. ವೋಲ್ವೊ ಅದರ ಮುನ್ಸೂಚನೆ ಕೊಟ್ಟಿತ್ತು.

ಇಂಟರ್‌ಸೆಪ್ಟರ್ ಹುಟ್ಟಿದ್ದು ಈ ಅಸಮತೋಲನದ ನಡುವೆ. ಸಿ-ವಿ8 ಓಟದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಓರೆಯಾಗಿ ಕೂರಿಸಿದ ಹೆಡ್‌ಲ್ಯಾಂಪುಗಳ ಅದರ ಮುಖವನ್ನು ಮೆಚ್ಚಿದವರಿಗಿಂತ ಮೆಚ್ಚದವರೇ ಹೆಚ್ಚು. ಮುಂದಿನ ಕಾರಿಗೆ ಮನೆಯ ವಿನ್ಯಾಸಕಾರ ಎರಿಕ್ ನೀಲ್ ಅವರದೇ ರೂಪ ಸಾಕೆಂಬುದು ಜೆನ್ಸನ್ ಸೋದರರ ಒಲವು. ಮುಖ್ಯ ಎಂಜಿನಿಯರ್ ಕೆವಿನ್ ಬೀಟಿ ಬೇರೆಯೇ ವಾದ ಹೂಡಿದರು: ಯಂತ್ರ ನಮ್ಮದಿರಲಿ, ರೂಪ ಇಟಲಿಯದಾಗಲಿ, ಬಾಡಿ ಉಕ್ಕಿನದಾಗಲಿ. ಮಿಲಾನಿನ ಟೂರಿಂಗ್ ಸಂಸ್ಥೆಯ ರೇಖಾಚಿತ್ರ ಒಪ್ಪಿಗೆಯಾಯಿತು. ಟೂರಿಂಗ್ ಆಗಲೇ ಹಣಕಾಸಿನ ಸಂಕಟದಲ್ಲಿದ್ದುದರಿಂದ ಮೊದಲ ಬಾಡಿಗಳನ್ನು ಟ್ಯೂರಿನ್ನಿನ ವಿನ್ಯಾಲೆ ಸಂಸ್ಥೆ ಕಟ್ಟಿತು. ಬಳಿಕ ಅಚ್ಚುಗಳನ್ನೆಲ್ಲ ವೆಸ್ಟ್ ಬ್ರಾಮ್ವಿಚ್‌ಗೆ ತರಿಸಿಕೊಂಡು ಅಲ್ಲೇ ತಯಾರಿ ಮುಂದುವರಿಯಿತು. ಈ ನಿರ್ಧಾರದ ಬೆಲೆ ಸಣ್ಣದಲ್ಲ. ಸ್ಥಾಪಕ ಸೋದರರು ಅಸಮಾಧಾನಗೊಂಡರು, ಕಂಪನಿಯ ದಿನನಿತ್ಯದ ಆಡಳಿತದಿಂದ ದೂರವಾದರು. ನೀಲ್ ಕೂಡ ಹೊರನಡೆದರು. ಮಾರುಕಟ್ಟೆ ಮಾತ್ರ ಬೀಟಿಯವರ ಪಕ್ಷ ವಹಿಸಿತು. 6.3 ಲೀಟರಿನ ಕ್ರೈಸ್ಲರ್ ವಿ8, ಅದೇ ಕಂಪನಿಯ ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಗಂಟೆಗೆ 210 ಕಿಲೋಮೀಟರಿಗೂ ಮೀರಿದ ವೇಗ, ಸುಮಾರು 3,700 ಪೌಂಡ್ ಬೆಲೆ. ಈ ಕಾರು 1976ರ ಹೊತ್ತಿಗೆ ಸುಮಾರು 6,400 ಸಂಖ್ಯೆಯಲ್ಲಿ ಮಾರಾಟವಾಯಿತು. ಹಿಂದಿನ ಸಿ-ವಿ8ಗೆ ಹೋಲಿಸಿದರೆ ಹತ್ತು ಪಟ್ಟಿಗೂ ಹೆಚ್ಚು. 1965ರಿಂದ ಐದು ವರ್ಷ ನಡೆದ ಆಸ್ಟನ್ ಮಾರ್ಟಿನ್ ಡಿಬಿ6 ಎರಡು ಸಾವಿರವನ್ನೂ ದಾಟಲಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡರೆ ಈ ಸಂಖ್ಯೆಯ ತೂಕ ಅರ್ಥವಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಎಂಜಿನ್ ಡೆಟ್ರಾಯಿಟಿನದು, ರೂಪ ಮಿಲಾನಿನದು ಎಂದ ಮೇಲೆ ಇದನ್ನು ಬ್ರಿಟಿಷ್ ಕಾರು ಎನ್ನುವುದು ಹೇಗೆ? ಅದರ ಯಶಸ್ಸು ಎರವಲು ಯಶಸ್ಸಲ್ಲವೇ? ಈ ಆಕ್ಷೇಪಕ್ಕೆ ಗ್ರ್ಯಾಂಡ್ ಟೂರಿಂಗ್ ಕಾರಿನ ಉದ್ದೇಶವೇ ಉತ್ತರ ಹೇಳುತ್ತದೆ. ರೇಸಿನ ಕಾರಿಗೆ ಗೆಲುವು ಅಳತೆಗೋಲು. ಗ್ರ್ಯಾಂಡ್ ಟೂರರ್‌ಗೆ ಬೇರೆ ಅಳತೆ: ಬೆಳಿಗ್ಗೆ ಲಂಡನ್ ಬಿಟ್ಟು ಫ್ರಾನ್ಸಿನ ದಕ್ಷಿಣ ಕರಾವಳಿಯತ್ತ ಹೊರಟವರು, ಸಾಮಾನು ಸಮೇತ, ಸುಸ್ತಿಲ್ಲದೆ, ದಾರಿಯಲ್ಲಿ ಕೆಟ್ಟು ನಿಲ್ಲದೆ ತಲುಪಬೇಕು. ಹಗುರವಾಗಿ ದುಡಿಯುವ ದೊಡ್ಡ ಎಂಜಿನ್, ನಂಬಿಕೆಯ ಗೇರ್‌ಬಾಕ್ಸ್, ಮೌನವಾದ ಒಳಾಂಗಣ ಇದಕ್ಕೆ ಬೇಕು. ಲಕ್ಷಗಟ್ಟಲೆ ತಯಾರಾಗಿ ಪಳಗಿದ ಅಮೆರಿಕನ್ ವಿ8ನಷ್ಟು ಈ ಕೆಲಸಕ್ಕೆ ಒಗ್ಗುವ ಎಂಜಿನ್ನನ್ನು ಜೆನ್ಸನ್ನಿನಷ್ಟು ಸಣ್ಣ ಕಂಪನಿ ಎಷ್ಟು ಹಣ ಸುರಿದರೂ ತಾನೇ ಮಾಡಲಾರದಿತ್ತು. ಫ್ರಾನ್ಸಿನ ಫಸೆಲ್ ವೆಗಾ, ಇಟಲಿಯ ಈಸೊ ರಿವೋಲ್ಟ, ಇಂಗ್ಲೆಂಡಿನದೇ ಬ್ರಿಸ್ಟಲ್, ಇವರೆಲ್ಲ ಬೇರೆ ಬೇರೆ ದೇಶಗಳಲ್ಲಿ ಕೂತು ಇದೇ ತೀರ್ಮಾನಕ್ಕೆ ಬಂದಿದ್ದರು. ಬೇಳೆ ಬೆಳೆದವರು ಬೇರೆ, ಮೆಣಸು ಬೆಳೆದವರು ಬೇರೆ ಎಂದು ಸಾರಿನ ಹೆಸರನ್ನು ಅಡುಗೆಯವರಿಂದ ಯಾರೂ ಕಸಿದುಕೊಳ್ಳುವುದಿಲ್ಲ.

ಆಯ್ದು ಜೋಡಿಸುವುದು ಸುಲಭದ ಕೆಲಸ ಎಂದುಕೊಂಡವರು ಗಾರ್ಡನ್-ಕೀಬಲ್ ಎಂಬ ಇನ್ನೊಂದು ಬ್ರಿಟಿಷ್ ಕಾರಿನ ಕಥೆಯನ್ನು ನೋಡಬೇಕು. ಅದರಲ್ಲಿಯೂ ಅಮೆರಿಕದ ವಿ8 ಇತ್ತು, ಷೆವರ್ಲೆಯದು. ಅದರ ರೂಪವೂ ಇಟಲಿಯದು. ಬೆರ್ತೋನೆ ಸಂಸ್ಥೆಯಲ್ಲಿದ್ದ ಯುವ ಜುಜಾರೊ ಅವರ ಕೈಯದು. ಕಾರನ್ನು ಓಡಿಸಿದವರು ಕೊಂಡಾಡಿದರು. ಆದರೂ 1964ರಲ್ಲಿ ಆರಂಭವಾದ ತಯಾರಿ ಸುಮಾರು ನೂರು ಕಾರುಗಳಿಗೆ ಮುಗಿದೇ ಹೋಯಿತು. ಬೆಲೆ ತೀರಾ ಕಡಿಮೆ ಇಟ್ಟಿದ್ದರು, ಬಿಡಿಭಾಗಗಳ ಪೂರೈಕೆ ಕೈಕೊಟ್ಟಿತು. ಪಾಕಸೂತ್ರ ಎರಡರದೂ ಒಂದೇ. ಜೆನ್ಸನ್ನಿನ ಬಳಿ ಹೆಚ್ಚಿಗೆ ಇದ್ದದ್ದು ಮೂವತ್ತು ವರ್ಷ ಬಾಡಿ ಕಟ್ಟಿದ ಕೈಗಳು, ಚಾಸಿ ಬೆಸೆದ ಅನುಭವ, ಚರ್ಮ ಹೊಲಿಯುವ ಕುಶಲಿಗಳು, ಬಿಡಿಭಾಗದ ಕಂಪನಿಗಳ ಜೊತೆಗಿನ ಹಳೆಯ ಒಡನಾಟ. ಪರದೇಶದ ಎಂಜಿನ್ನು, ಪರದೇಶದ ರೂಪ ಒಂದೇ ಕಾರಾಗಿ ನಿಂತದ್ದು ಈ ಕಸುಬಿನ ಬಲದಿಂದ. ಆ ಕಸುಬು ವೆಸ್ಟ್ ಬ್ರಾಮ್ವಿಚ್‌ನದು. ಆದ್ದರಿಂದ ಕಾರು ಬ್ರಿಟಿಷ್ ಎನ್ನಲು ಅಳುಕಬೇಕಾದ್ದಿಲ್ಲ.

ಎರವಲಿನ ಆಕ್ಷೇಪಕ್ಕೆ ಇನ್ನೂ ಗಟ್ಟಿಯಾದ ಉತ್ತರ ಎಫ್‌ಎಫ್. ಆ ಎರಡಕ್ಷರ ಸೂಚಿಸುವುದು ಫರ್ಗ್ಯುಸನ್ ಫಾರ್ಮುಲಾ ಎಂಬ ನಾಲ್ಕುಚಕ್ರ ಚಾಲನೆಯ ವ್ಯವಸ್ಥೆಯನ್ನು. ಟ್ರ್ಯಾಕ್ಟರುಗಳಿಂದ ಜಗತ್ತಿಗೆ ಪರಿಚಿತರಾದ ಹ್ಯಾರಿ ಫರ್ಗ್ಯುಸನ್ ರಸ್ತೆಯ ಕಾರಿಗೂ ನಾಲ್ಕು ಚಕ್ರಗಳ ಎಳೆತ ಬೇಕೆಂದು ಹಟ ಹಿಡಿದವರು. 1960ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಸಂಸ್ಥೆ ಆ ಕೆಲಸ ಬಿಡಲಿಲ್ಲ. 1961ರಲ್ಲಿ ಅವರ ಪಿ99 ರೇಸ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕಿನ ಗೋಲ್ಡ್ ಕಪ್ ಗೆದ್ದರು; ಫಾರ್ಮುಲಾ ಒನ್ ರೇಸೊಂದನ್ನು ನಾಲ್ಕುಚಕ್ರ ಚಾಲನೆಯ ಕಾರು ಗೆದ್ದದ್ದು ಅದೊಂದೇ ಸಲ. ಅದೇ ತತ್ವವನ್ನು ಜೆನ್ಸನ್ ತನ್ನ ಕಾರಿಗೆ ಇಳಿಸಿತು. ಎಂಜಿನ್ನಿನ ಶಕ್ತಿಯಲ್ಲಿ ಶೇಕಡಾ 37 ಮುಂದಿನ ಚಕ್ರಗಳಿಗೆ, 63 ಹಿಂದಿನವಕ್ಕೆ. ಇದರ ಜೊತೆಗೆ ಡನ್‌ಲಪ್ ಕಂಪನಿ ವಿಮಾನಗಳಿಗೆಂದು ರೂಪಿಸಿದ್ದ ಮ್ಯಾಕ್ಸರೆಟ್ ಸಾಧನವನ್ನು ಅಳವಡಿಸಿ, ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ಮಾಡಿದರು. ಗುಡ್ಡಗಾಡಿಗಲ್ಲದೆ ಸಾಮಾನ್ಯ ರಸ್ತೆಗಾಗಿ ತಯಾರಾದ ಕಾರುಗಳಲ್ಲಿ ಈ ಎರಡನ್ನೂ ಹೊಂದಿ ಮಾರುಕಟ್ಟೆಗೆ ಬಂದ ಮೊದಲನೆಯದು ಎಫ್‌ಎಫ್. ಚಕ್ರ ಬಿಗಿಯದಂತೆ ತಡೆಯುವ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂದದ್ದು 1978ರಲ್ಲಿ. ನಾಲ್ಕುಚಕ್ರ ಚಾಲನೆಯ ಆಡಿ ಕ್ವಾಟ್ರೊ ಜಿನೀವಾದಲ್ಲಿ ತೆರೆ ಸರಿಸಿದ್ದು 1980ರಲ್ಲಿ. ಒಂದೂವರೆ ದಶಕದ ಆಸುಪಾಸು ಮುಂದಿದ್ದ ಕಾರನ್ನು ಎರವಲು ಸರಕಿನ ಕಂತೆ ಎನ್ನುವುದು ಅನ್ಯಾಯ.

ಹಾಗಿದ್ದರೆ ಎಫ್‌ಎಫ್ ಏಕೆ 320ಕ್ಕೆ ನಿಂತಿತು, ಇದೇ ಕಂಪನಿಯ ಸೋಲಿನ ಗುರುತಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದರ ಬೆಲೆ 5,300 ಪೌಂಡ್ ದಾಟಿತ್ತು. ಇಂಟರ್‌ಸೆಪ್ಟರಿಗಿಂತ ಸುಮಾರು 1,600 ಪೌಂಡ್ ಹೆಚ್ಚು. ಹೊರಗಿನಿಂದ ನೋಡಿದರೆ ಥಟ್ಟನೆ ಕಾಣುವ ವ್ಯತ್ಯಾಸ ಮುಂದಿನ ಚಕ್ರದ ಹಿಂದೆ ಒಂದರ ಬದಲು ಇದ್ದ ಎರಡು ಗಾಳಿಕಿಂಡಿಗಳು ಮಾತ್ರ. ಅದಕ್ಕೂ ದೊಡ್ಡ ತೊಡಕು ಯಂತ್ರದ ಜೋಡಣೆಯಲ್ಲೇ ಇತ್ತು: ಚಾಲನೆಯ ಹಲ್ಲುಗಾಲಿ, ದಂಡಗಳು ಎಡಬದಿಯ ಜಾಗ ಹಿಡಿದುಕೊಂಡಿದ್ದರಿಂದ ಸ್ಟಿಯರಿಂಗನ್ನು ಎಡಕ್ಕೆ ಕೂರಿಸಲು ಬರುತ್ತಿರಲಿಲ್ಲ. ಹಾಗಾಗಿ ಅಮೆರಿಕದ ಬಾಗಿಲು ಅದಕ್ಕೆ ತೆರೆಯಲೇ ಇಲ್ಲ, ಯುರೋಪಿನ ಬಹುಪಾಲು ಬಾಗಿಲೂ ತೆರೆಯಲಿಲ್ಲ. ಇದು ನಿಜವಾದ ಲೋಪ. ಆದರೆ ಎಫ್‌ಎಫ್ 1971ರಲ್ಲಿ ನಿಂತಿತು, ಕಂಪನಿ ಆಮೇಲೂ ಐದು ವರ್ಷ ನಡೆಯಿತು. ಇಂಟರ್‌ಸೆಪ್ಟರಿನ ಮೂರನೆಯ ಮಾದರಿ ಬಂದದ್ದು ಆ ವರ್ಷವೇ. ಒಟ್ಟು ಇಂಟರ್‌ಸೆಪ್ಟರುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆ ಮಾದರಿಯವೇ. ಎಫ್‌ಎಫ್ ಹೊರೆಯಾಗಿದ್ದರೂ ಅದನ್ನು ಹೊತ್ತು ನಡೆಯುವ ಶಕ್ತಿ ಇಂಟರ್‌ಸೆಪ್ಟರಿಗೆ ಇತ್ತು.

ಹಾಗಾದರೆ ಏಟು ಬಿದ್ದದ್ದು ಎಲ್ಲಿ? 1967ರಲ್ಲಿ. ಅಮೆರಿಕದ ಹೊಸ ಸುರಕ್ಷತೆ ಮತ್ತು ಹೊಗೆ ನಿಯಮಗಳು 1968ರಿಂದ ಜಾರಿಯಾಗಲಿದ್ದವು. ಅದಕ್ಕೆ ತಕ್ಕಂತೆ ಹಳೆಯ ಆಸ್ಟಿನ್-ಹೀಲಿಯನ್ನು ತಿದ್ದುವುದು ಬೇಡವೆಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಅದನ್ನು ನಿಲ್ಲಿಸಿತು. ಸನ್‌ಬೀಮ್ ಟೈಗರ್ ತಯಾರಕರಾದ ರೂಟ್ಸ್ ಸಂಸ್ಥೆ ಕ್ರೈಸ್ಲರ್ ಕೈಗೆ ಹೋಗಿತ್ತು. ಫೋರ್ಡ್ ಎಂಜಿನ್ನಿನ ಕಾರನ್ನು ಕ್ರೈಸ್ಲರ್ ಯಾಕೆ ಸಾಕೀತು? ಅದೂ ನಿಂತಿತು. ಕಾರ್ಖಾನೆಯ ಬಹುಪಾಲು ಕೆಲಸ ಒಂದೇ ವರ್ಷದಲ್ಲಿ ಮಾಯವಾಯಿತು. ಈ ಎರಡೂ ನಿರ್ಧಾರಗಳು ನಡೆದದ್ದು ವೆಸ್ಟ್ ಬ್ರಾಮ್ವಿಚ್‌ನ ಹೊರಗೆ. ಜೆನ್ಸನ್ನಿನವರ ಅಭಿಪ್ರಾಯ ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. 1959ರಿಂದ ಒಡೆತನ ಹೊಂದಿದ್ದ ನಾರ್ಕ್ರಾಸ್ ಸಮೂಹ 1968ರಲ್ಲಿ ಕಂಪನಿಯನ್ನು ವಿಲಿಯಂ ಬ್ರಾಂಟ್ ಎಂಬ ಬ್ಯಾಂಕಿಗೆ ಮಾರಿ ಕೈತೊಳೆದುಕೊಂಡಿತು. ಆ ಸಂಕಟದಲ್ಲಿ ಕಂಪನಿಯ ಕೈಯಲ್ಲಿ ಮಾರಲು ಇದ್ದ ಸರಕು ಯಾವುದು? ಮುಖ್ಯವಾಗಿ ಇಂಟರ್‌ಸೆಪ್ಟರ್. ಅಂದು ಅದಿಲ್ಲದೆ ಸಿ-ವಿ8ನಂಥ ಕಾರು ಮಾತ್ರ ಇದ್ದಿದ್ದರೆ ಜೆನ್ಸನ್ನಿನ ಚರಿತ್ರೆ 1968ಕ್ಕೇ ಮುಗಿಯುತ್ತಿತ್ತು.

1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಾರು ವ್ಯಾಪಾರಿ ಶೆಲ್ ಕ್ವಾಲೆ ಕಂಪನಿಯನ್ನು ಕೊಂಡರು, ಆಸ್ಟಿನ್-ಹೀಲಿಯ ರೂವಾರಿ ಡೊನಾಲ್ಡ್ ಹೀಲಿ ಅದರ ಅಧ್ಯಕ್ಷರಾದರು. ನಿಂತುಹೋದ ಆಸ್ಟಿನ್-ಹೀಲಿಯನ್ನು ಅಮೆರಿಕದಲ್ಲಿ ರಾಶಿ ರಾಶಿ ಮಾರಿದ್ದವರು ಕ್ವಾಲೆ. ಅದರ ಜಾಗಕ್ಕೆ ಇನ್ನೊಂದು ಕಾರು ಬೇಕು, ಅದನ್ನು ಜೆನ್ಸನ್ ಕಟ್ಟಬೇಕು ಎಂಬುದು ಅವರ ಲೆಕ್ಕ. ಹೀಗೆ 1972ರಲ್ಲಿ ಜೆನ್ಸನ್-ಹೀಲಿ ಬಂತು. ಕಳೆದುಹೋದ ಗುತ್ತಿಗೆಯ ಕೆಲಸವನ್ನು ಸ್ವಂತ ಹೆಸರಿನಲ್ಲಿ ಮರಳಿ ತರುವ ಯತ್ನ ಇದು. ಆದರೆ ಅಗ್ಗದ ಸ್ಪೋರ್ಟ್ಸ್ ಕಾರನ್ನು ಸಾವಿರಗಟ್ಟಲೆ ಮಾರಿ ಲಾಭ ಮಾಡುವ ಬಂಡವಾಳ, ಮಾರಾಟ ಜಾಲ, ಪರೀಕ್ಷೆಯ ತಾಳ್ಮೆ ಬಿಎಂಸಿಯಂಥ ದೈತ್ಯ ಸಂಸ್ಥೆಗೆ ಇದ್ದಂತೆ ಜೆನ್ಸನ್ನಿಗೆ ಇರಲಿಲ್ಲ. ಲೋಟಸ್ ಕಂಪನಿಯ ಹೊಚ್ಚಹೊಸ ಎರಡು ಲೀಟರಿನ ಎಂಜಿನ್ನನ್ನು ಅದಕ್ಕೆ ಹೂಡಿದರು. ಚುರುಕು ಎಂಜಿನ್, ಆದರೆ ಪೂರ್ತಿ ಪಳಗಿರಲಿಲ್ಲ. ಎಣ್ಣೆ ಸೋರಿಕೆ, ಬಾಡಿಗೆ ತುಕ್ಕು, ವಾರಂಟಿಯಡಿ ರಿಪೇರಿಯ ಖರ್ಚು ಒಂದರ ಹಿಂದೊಂದು ಬಂದವು. ಹತ್ತು ಸಾವಿರಕ್ಕೂ ಹೆಚ್ಚು ಕಾರುಗಳು ಹೊರಬಂದರೂ ಅವು ಕಂಪನಿಯ ಕೈ ಬಲಪಡಿಸಲಿಲ್ಲ. ಇಂಟರ್‌ಸೆಪ್ಟರಿಗೆ ಪಳಗಿದ ಎಂಜಿನ್ ಆಯ್ದುಕೊಂಡ ವಿವೇಕವನ್ನು ಅದೇ ಕಂಪನಿ ಜೆನ್ಸನ್-ಹೀಲಿಯಲ್ಲಿ ಮರೆಯಿತು ಎಂಬುದು ಈ ಕಥೆಯ ಅತ್ಯಂತ ನೋವಿನ ಭಾಗ.

ಈಗ ಅತಿ ದೊಡ್ಡ ಆಕ್ಷೇಪಕ್ಕೆ ಬರೋಣ: ತೈಲ ಬಿಕ್ಕಟ್ಟು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ತಡೆ ಹಾಕಿದವು. ಇಂಧನ ಉಳಿಸಲು ಬ್ರಿಟನ್ನಿನಲ್ಲಿ ವೇಗಮಿತಿ ಗಂಟೆಗೆ 50 ಮೈಲಿಗೆ ಇಳಿಯಿತು. 1974ರ ಜನವರಿಯಿಂದ ಮಾರ್ಚಿನವರೆಗೆ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನದ ವಿದ್ಯುತ್ತು. ಲೀಟರಿಗೆ ನಾಲ್ಕು ಕಿಲೋಮೀಟರ್ ಆಸುಪಾಸು ಓಡುವ, ಆ ವೇಳೆಗೆ 7.2 ಲೀಟರಿನ ಎಂಜಿನ್ ಹೊತ್ತಿದ್ದ ಇಂಟರ್‌ಸೆಪ್ಟರಿಗೆ ಇದು ಕೆಟ್ಟ ಕಾಲವೇ. ಬೇಡಿಕೆ ಕುಸಿದದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಾಯಾರಿಕೆಯೇ ಕೊಂದದ್ದಾದರೆ ಬ್ರಿಸ್ಟಲ್ ಕಂಪನಿ ಮೊದಲು ಸಾಯಬೇಕಿತ್ತು. ಅದೂ ಕ್ರೈಸ್ಲರ್ ವಿ8 ಹೂಡಿದ ದುಬಾರಿ ಕಾರುಗಳನ್ನೇ ಮಾರುತ್ತಿತ್ತು. ಅದು ಕಡಿಮೆ ಸಂಖ್ಯೆಯಲ್ಲಿ ಕಟ್ಟಿ, ಗೊತ್ತಿದ್ದ ಗಿರಾಕಿಗಳಿಗೆ ಮಾರಿ, ಆಮೇಲೂ ದಶಕಗಳ ಕಾಲ ನಡೆಯಿತು. ಸ್ವಂತ ಎಂಜಿನ್ ಇದ್ದರೆ ಉಳಿಯುತ್ತಿದ್ದರು ಎನ್ನುವುದಾದರೆ ಆಸ್ಟನ್ ಮಾರ್ಟಿನ್ ನೋಡಿ: ತಡೆಕ್ ಮಾರೆಕ್ ರೂಪಿಸಿದ ಅಪ್ಪಟ ಮನೆಯ ವಿ8 ಇದ್ದೂ 1974ರ ಕೊನೆಯಲ್ಲಿ ಅದು ಬಾಗಿಲು ಮುಚ್ಚಿತು, ಹೊಸ ಒಡೆಯರು ಬಂದ ಮೇಲಷ್ಟೇ ಮತ್ತೆ ತೆರೆಯಿತು. ಸಣ್ಣ ಕಾರುಗಳನ್ನೂ ಮಾರುತ್ತಿದ್ದ ಬ್ರಿಟಿಷ್ ಲೇಲ್ಯಾಂಡನ್ನು 1975ರಲ್ಲಿ ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಬಿಕ್ಕಟ್ಟು ಎಲ್ಲರ ಮೇಲೂ ಬಂತು. ಯಾರು ಉಳಿದರು ಎಂಬುದನ್ನು ನಿರ್ಧರಿಸಿದ್ದು ಅವರವರ ಸಾಲ, ಖರ್ಚು, ಒಡೆತನದ ಗಟ್ಟಿತನ. 1975ರ ಸೆಪ್ಟೆಂಬರಿನಲ್ಲಿ ಸಾಲ ತೀರಿಸಲಾಗದೆ ರಿಸೀವರ್ ಕೈಗೆ ಹೋದ ಜೆನ್ಸನ್ನಿನ ಹೆಗಲ ಮೇಲೆ ಇದ್ದದ್ದು ಸಾವಿರಗಟ್ಟಲೆ ಕಾರು ಕಟ್ಟುವ ಕಾರ್ಖಾನೆಯ ಖರ್ಚು, ಜೆನ್ಸನ್-ಹೀಲಿಯ ನಷ್ಟ. ತೈಲ ಬಿಕ್ಕಟ್ಟು ಕೊನೆಯ ನೂಕು ಮಾತ್ರ. ಕಂಪನಿಯನ್ನು ಬಾವಿಕಟ್ಟೆಯ ಅಂಚಿಗೆ ತಂದು ನಿಲ್ಲಿಸಿದ್ದು ಬೇರೆ.

ಕಾರಿನಲ್ಲಿ ಕೊರತೆಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಹಿಂದಿನ ಆಕ್ಸಲ್ಲಿಗೆ ಹಳೆಯ ಕಾಲದ ಲೀಫ್ ಸ್ಪ್ರಿಂಗುಗಳೇ ಕೊನೆಯವರೆಗೂ ಇದ್ದವು. ಆಗಲೇ ಜಾಗ್ವಾರ್ ಇ-ಟೈಪ್ ಹಿಂದಿನ ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್ ಕೊಟ್ಟಿತ್ತು, ಬೆಲೆಯೂ ಇಂಟರ್‌ಸೆಪ್ಟರಿಗಿಂತ ಬಹಳ ಕಡಿಮೆ. ಉಕ್ಕಿನ ಬಾಡಿಗೆ ತುಕ್ಕು ಹಿಡಿಯುತ್ತಿತ್ತು. ಇಂದು ಹಳೆಯ ಇಂಟರ್‌ಸೆಪ್ಟರನ್ನು ಸರಿಪಡಿಸಲು ಹೊರಟವರ ಹಣದ ದೊಡ್ಡ ಪಾಲು ಬೆಸುಗೆಗೇ ಹೋಗುತ್ತದೆ. ಬೆಲೆಗೆ ತಕ್ಕ ಪರಿಷ್ಕಾರ ಇರಲಿಲ್ಲವೆನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಈ ಕೊರತೆಗಳನ್ನು ತಿದ್ದಲು ಬೇಕಾದ ಹಣ ಮತ್ತು ಎಂಜಿನಿಯರುಗಳ ಸಮಯ 1970ರ ನಂತರ ಹರಿದದ್ದು ಜೆನ್ಸನ್-ಹೀಲಿಯತ್ತ. ಮೂರನೆಯ ಮಾದರಿಗೆ ಸಿಕ್ಕಿದ್ದು ದೊಡ್ಡ ಎಂಜಿನ್, ಹೊಸ ಚಕ್ರ, 1974ರಲ್ಲಿ ಮಡಚುವ ಛಾವಣಿಯ ಆವೃತ್ತಿ. ಅಡಿಪಾಯ 1966ರದೇ ಉಳಿಯಿತು. ಗಳಿಸಿಕೊಡುತ್ತಿದ್ದ ಕಾರನ್ನು ಬೆಳೆಸದೆ ಹಾಗೇ ಬಿಟ್ಟದ್ದು ಆಡಳಿತದ ತಪ್ಪು; ಅದನ್ನು ಕಾರಿನ ಹುಟ್ಟುಗುಣವೆಂದು ಎಣಿಸುವುದು ಸರಿಯಲ್ಲ.

ಕಂಪನಿ ಮುಚ್ಚಿದ ಮೇಲೂ ಬಿಡಿಭಾಗ ಮತ್ತು ರಿಪೇರಿಯ ವ್ಯವಹಾರ ವೆಸ್ಟ್ ಬ್ರಾಮ್ವಿಚ್‌ನಲ್ಲೇ ಮುಂದುವರಿಯಿತು. ಎಂಬತ್ತರ ದಶಕದಲ್ಲಿ ಅದೇ ನೆಲೆಯಿಂದ ಇಂಟರ್‌ಸೆಪ್ಟರಿನ ನಾಲ್ಕನೆಯ ಸರಣಿಯೂ ಬೆರಳೆಣಿಕೆಯಲ್ಲಿ ಹೊರಬಂತು. ಜೆನ್ಸನ್-ಹೀಲಿಗೆ ಅಂಥ ಮರುಹುಟ್ಟು ಸಿಗಲಿಲ್ಲ. ಇಂಟರ್‌ಸೆಪ್ಟರನ್ನು ಮರಳಿ ತರುವ ಯತ್ನಗಳು ಮಾತ್ರ ಮೇಲಿಂದ ಮೇಲೆ ನಡೆದವು. ಒಂದು ಕಾರಿನ ಚರಿತ್ರೆಯನ್ನು ಅದರ ಕಂಪನಿಯ ಮರಣಪತ್ರದಿಂದ ಓದುವ ಅಭ್ಯಾಸ ಬಿಡಬೇಕು. ಹಾಗೆ ಓದಿದರೆ ವ್ಯವಹಾರದ ದೋಷವೆಲ್ಲ ವಿನ್ಯಾಸದ ತಲೆಗೆ ಬರುತ್ತದೆ, ದುಡಿದವರ ಕಸುಬು ಲೆಕ್ಕಕ್ಕೇ ಸಿಗುವುದಿಲ್ಲ. ಮಾರಾಟದ ಸಂಖ್ಯೆ, ಗುತ್ತಿಗೆಗಳ ಕಾಲಕ್ರಮ, ಓರಗೆಯ ಕಂಪನಿಗಳ ಗತಿ ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ತೀರ್ಪು ಸ್ಪಷ್ಟ: ಜೆನ್ಸನ್ ಸ್ವಂತ ಹೆಸರಿನಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇಂಟರ್‌ಸೆಪ್ಟರ್, ಮತ್ತು ಆ ಕಂಪನಿ 1968ರಲ್ಲಿ ಸಾಯದೆ 1976ರವರೆಗೆ ಬದುಕಿದ್ದು ಅದರಿಂದಲೇ.